ಹೆತ್ತವಳ ಹೆಸರು ತಿಳಿಯಲು ಒಂದು ಸಂದರ್ಶನ

ಎಡಿನ್‌ಬರೋದ ರಿಜಿಸ್ಟರ್ ಹೌಸ್‌ ಸ್ಕಾಟ್‌ಲೆಂಡಿನ ಜನನ, ಮರಣ, ಮದುವೆಗಳ ದಾಖಲೆಗಳ ಮನೆ. ದತ್ತು ಹೋದವರು ಹದಿನೇಳು ತುಂಬಿದ ಮೇಲೆ ತಮ್ಮ ಮೂಲ ಜನನ ದಾಖಲೆಯನ್ನು ಕೇಳಿ ಪಡೆಯಬಹುದೆಂದು ಅಲ್ಲಿನ 1930ರ ಕಾಯ್ದೆಯೇ ಹೇಳಿತ್ತು. ಯಾರ ಶಿಫಾರಸೂ ಬೇಕಿರಲಿಲ್ಲ.

ಗಡಿ ದಾಟಿ ಇಂಗ್ಲೆಂಡಿಗೆ ಬಂದರೆ ಕಥೆಯೇ ಬೇರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದತ್ತು ಸ್ವೀಕಾರಕ್ಕೆ ಕಾನೂನಿನ ಮನ್ನಣೆ ಸಿಕ್ಕಿದ್ದು 1926ರ ಕಾಯ್ದೆಯಿಂದ. ಮಗುವಿನ ಮೊದಲ ಜನನ ನೋಂದಣಿ ಒಂದು ಕಡೆ, ದತ್ತು ನೋಂದಣಿ ಇನ್ನೊಂದು ಕಡೆ. ಎರಡನ್ನೂ ಜೋಡಿಸುವ ಕಡತವನ್ನು ನ್ಯಾಯಾಲಯದ ಆದೇಶವಿಲ್ಲದೆ ಯಾರಿಗೂ ತೋರಿಸುತ್ತಿರಲಿಲ್ಲ. ಮುಂದೆ ಗುಟ್ಟು ಇನ್ನಷ್ಟು ಬಿಗಿಯಾಯಿತು. 1947ರಲ್ಲಿ ತಂದೆ ತಾಯಿಯ ಹೆಸರೇ ಇಲ್ಲದ ಚುಟುಕು ಜನನ ಪ್ರಮಾಣಪತ್ರ ಬಂತು. 1949ರ ಕಾಯ್ದೆಯ ನಂತರ ದತ್ತು ಪಡೆಯುವವರು ತಮ್ಮ ಹೆಸರಿನ ಬದಲು ಒಂದು ಕ್ರಮಸಂಖ್ಯೆಯನ್ನಷ್ಟೇ ಕೊಟ್ಟು ಅರ್ಜಿ ಹಾಕಬಹುದಾಯಿತು. ತನ್ನ ಕೂಸು ಯಾರ ಮನೆ ಸೇರುತ್ತಿದೆ ಎಂಬುದು ಗೊತ್ತಿಲ್ಲದೆಯೇ ತಾಯಿ ಒಪ್ಪಿಗೆಗೆ ಸಹಿ ಹಾಕುತ್ತಿದ್ದಳು. ಮಗುವಿಗೆ ಆರು ವಾರ ತುಂಬುವವರೆಗೆ ಆ ಸಹಿಗೆ ಬೆಲೆಯಿಲ್ಲ ಎಂಬುದು ಕಾನೂನು ಆಕೆಗೆ ಕೊಟ್ಟ ಬಿಡುವು.

ಮದುವೆಯಾಗದೆ ಬಸುರಾದ ಹೆಣ್ಣುಮಕ್ಕಳನ್ನು ಊರಿನ ಕಣ್ಣಿಗೆ ಬೀಳದಂತೆ ತಾಯಿ-ಮಗುವಿನ ಆಶ್ರಮಗಳಿಗೆ ಕಳಿಸುತ್ತಿದ್ದ ಕಾಲ ಅದು. ದತ್ತು ಆದೇಶಗಳ ಸಂಖ್ಯೆ 1968ರಲ್ಲಿ ತುತ್ತತುದಿ ಮುಟ್ಟಿ ಇಪ್ಪತ್ತೈದು ಸಾವಿರದ ಹತ್ತಿರಕ್ಕೆ ಬಂತು. ಹಳೆಯದನ್ನೆಲ್ಲ ಅಳಿಸಿಬಿಟ್ಟರೆ ತಾಯಿ, ಮಗು, ಸಾಕುವವರು ಮೂವರಿಗೂ ಒಳ್ಳೆಯದು ಎಂದು ಅಧಿಕಾರಿಗಳು, ಪಾದ್ರಿಗಳು, ವೈದ್ಯರು ಎಲ್ಲರೂ ನಂಬಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಏನನ್ನು ಕೇಳಬಹುದು ಎಂದು ಯೋಚಿಸಿದವರು ಕಡಿಮೆ. ಅಂಥ ಕೆಲವರಲ್ಲಿ ಮನೋವಿಜ್ಞಾನಿ ಎಚ್. ಜೆ. ಸ್ಯಾಂಟ್ಸ್ ಒಬ್ಬರು. ತನ್ನ ಹುಟ್ಟಿನ ಮೂಲ ತಿಳಿಯದವರನ್ನು ಕಾಡುವ ವಂಶಮೂಲದ ಗೊಂದಲದ ಬಗ್ಗೆ ಅವರು 1964ರಲ್ಲಿ ಬರೆದರು.

ಆಗ ಕೆಲಸಕ್ಕೆ ಬಂದದ್ದು ಸ್ಕಾಟ್‌ಲೆಂಡಿನ ಆ ತೆರೆದ ಬಾಗಿಲು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿದ್ದ, ಸೈಪ್ರಸ್ ಮೂಲದ ಜಾನ್ ಟ್ರಿಸೆಲಿಯೋಟಿಸ್ ಅವರು ರಿಜಿಸ್ಟರ್ ಹೌಸ್‌ಗೆ ದಾಖಲೆ ಕೇಳಿಕೊಂಡು ಬಂದಿದ್ದ 70 ಜನರನ್ನು ಮಾತಾಡಿಸಿದರು. ಅವರಲ್ಲಿ ಎಷ್ಟೋ ಮಂದಿಗೆ ತಾವು ದತ್ತು ಮಕ್ಕಳೆಂದು ತಿಳಿದದ್ದು ತೀರಾ ತಡವಾಗಿ, ಅದೂ ಸಾಕಿದವರ ಬಾಯಿಂದಲ್ಲ. ಅವರಾರೂ ಸೇಡು ತೀರಿಸಿಕೊಳ್ಳಲು ಬಂದವರಲ್ಲ. ತಾವು ಯಾರೆಂದು ತಿಳಿಯಲು ಬಂದವರು. 1973ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನ, ಅದಕ್ಕೂ ಮೊದಲೇ ಸರ್ಕಾರ ನೇಮಿಸಿದ್ದ ಹೌಟನ್ ಸಮಿತಿಯ ಕೈ ಸೇರಿತ್ತು. ಇಂಗ್ಲೆಂಡಿನಲ್ಲೂ ದಾಖಲೆ ತೆರೆಯಬೇಕೆಂದು ಸಮಿತಿ 1972ರಲ್ಲಿ ಶಿಫಾರಸು ಮಾಡಿತು.

1975ರ ಮಕ್ಕಳ ಕಾಯ್ದೆ ಅದನ್ನು ಜಾರಿಗೆ ತಂದಿತು. ಆದರೆ ಗುಟ್ಟು ಕಾಯುತ್ತೇವೆಂಬ ಮಾತಿನ ಮೇಲೆ ಮಗುವನ್ನು ಒಪ್ಪಿಸಿದ್ದ ಸಾವಿರಾರು ತಾಯಂದಿರ ಗತಿಯೇನು? ಮದುವೆಯಾಗಿ ನೆಮ್ಮದಿಯಿಂದಿರುವ ಮಹಿಳೆಯ ಮನೆ ಬಾಗಿಲನ್ನು ಯಾರೋ ಬಂದು ತಟ್ಟಿದರೆ? ಪತ್ರಿಕೆಗಳಲ್ಲೂ ಸಂಸತ್ತಿನಲ್ಲೂ ಈ ಭಯವೇ ಹೆಚ್ಚು ಕೇಳಿಬಂತು. ಅದಕ್ಕೆ ಉತ್ತರವಾಗಿ ಕಾಯ್ದೆಯಲ್ಲಿ ಒಂದು ಷರತ್ತು ಸೇರಿತು: 1975ರ ನವೆಂಬರ್ 12ಕ್ಕೆ ಮೊದಲು ದತ್ತು ಹೋದವರು ಮೊದಲು ಆಪ್ತಸಮಾಲೋಚಕರ ಮುಂದೆ ಕೂರಬೇಕು. ಆಮೇಲೆಯೇ ದಾಖಲೆ.

ದತ್ತು ಹೋದ ವಯಸ್ಕರಿಗಾಗಿ ಇಂಗ್ಲೆಂಡಿನಲ್ಲಿ ಆಪ್ತಸಮಾಲೋಚನೆ ಕಡ್ಡಾಯವಾಗಿ ಶುರುವಾದದ್ದು ಹೀಗೆ. ಅವರ ನೋವಿಗೆ ಮದ್ದಾಗಿ ಅಲ್ಲ, ಅವರಿಂದ ಇತರರನ್ನು ಕಾಯುವ ಬೇಲಿಯಾಗಿ.

1976ರ ನವೆಂಬರಿನಿಂದ ಅರ್ಜಿಗಳು ಬರತೊಡಗಿದವು. ಜನನ-ಮರಣ ನೋಂದಣಿಯ ಕೇಂದ್ರ ಕಚೇರಿಯಲ್ಲೋ, ಸ್ಥಳೀಯ ಆಡಳಿತದ ಸಮಾಜಸೇವಾ ವಿಭಾಗದಲ್ಲೋ, ದತ್ತು ಕೊಟ್ಟ ಸಂಸ್ಥೆಯಲ್ಲೋ ಸಂದರ್ಶನ. ಸಮಾಲೋಚಕರ ಕೈಯಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ: ಹುಟ್ಟಿದಾಗ ಇಟ್ಟ ಹೆಸರು, ತಾಯಿಯ ಹೆಸರು, ಆದೇಶ ಕೊಟ್ಟ ನ್ಯಾಯಾಲಯದ ಹೆಸರು, ಮೂಲ ಪ್ರಮಾಣಪತ್ರಕ್ಕೆ ಬೇಕಾದ ಅರ್ಜಿ. ಮೂವತ್ತು ನಲವತ್ತು ವರ್ಷ ಒಂದು ಹೆಸರಿನಲ್ಲಿ ಬದುಕಿದವರು, ತಮಗೆ ಅದಕ್ಕೂ ಮುಂಚೆ ಇನ್ನೊಂದು ಹೆಸರಿತ್ತೆಂದು ತಿಳಿಯುತ್ತಿದ್ದುದು ಆ ಮೇಜಿನ ಎದುರು. ಮೂಲ ಪ್ರಮಾಣಪತ್ರ ಕೈಗೆ ಬಂದಾಗ ತಾಯಿಯ ಹೆಸರೂ ವಿಳಾಸವೂ ಇರುತ್ತಿದ್ದವು; ತಂದೆಯ ಅಂಕಣ ಬಹುಪಾಲು ಖಾಲಿ. ಇದನ್ನು ಕಂಡು ಕಣ್ಣೀರಾದವರ ಪಕ್ಕ ಯಾರಾದರೂ ಇರಬೇಕಿತ್ತು ನಿಜ. ಆದರೆ ಒಂದೇ ಸಂದರ್ಶನದಲ್ಲಿ ಎಚ್ಚರಿಸುವ, ತಿಳಿಹೇಳುವ, ಸಂತೈಸುವ ಕೆಲಸವೆಲ್ಲ ಮುಗಿಯಬೇಕು ಎಂದುಕೊಂಡದ್ದೇ ತಪ್ಪು. ಕಾನೂನು ಕೇಳಿದ ಸಂದರ್ಶನ ಮುಗಿಯುವ ಹೊತ್ತಿಗೆ ಮನಸ್ಸಿನ ಕೆಲಸ ಆಗತಾನೆ ಶುರುವಾಗಿರುತ್ತಿತ್ತು.

ಸಂಸತ್ತು ಭಯಪಟ್ಟಂತೆ ಮನೆಬಾಗಿಲುಗಳಿಗೆ ಮುತ್ತಿಗೆಯೇನೂ ಬೀಳಲಿಲ್ಲ. ಎರಿಕಾ ಹೇಮ್ಸ್ ಮತ್ತು ನೋಯಲ್ ಟಿಮ್ಸ್ 1985ರ ತಮ್ಮ ಪುಸ್ತಕದಲ್ಲಿ, ಈ ಹುಡುಕಾಟ ಕಾಯಿಲೆಯ ಲಕ್ಷಣವಲ್ಲ, ತನ್ನ ಬದುಕಿನ ಕಥೆಯನ್ನು ಪೂರ್ತಿ ಮಾಡಿಕೊಳ್ಳುವ ಸಹಜ ಬಯಕೆ ಎಂಬ ಅರ್ಥದಲ್ಲಿ ವಾದಿಸಿದರು. ಒಂದು ಅಪವಾದವೂ ನ್ಯಾಯಾಲಯ ಮುಟ್ಟಿತು. ಇಬ್ಬರನ್ನು ಕೊಂದು ಬ್ರಾಡ್‌ಮೂರ್ ಮಾನಸಿಕ ಆಸ್ಪತ್ರೆಯಲ್ಲಿ ಬಂಧಿಯಾಗಿದ್ದವನೊಬ್ಬ ತನ್ನ ದಾಖಲೆ ಕೇಳಿದಾಗ, ಹೆತ್ತ ತಾಯಿಯ ಜೀವಕ್ಕೆ ಅಪಾಯವಿದೆಯೆಂದು ಕೊಡದಿರುವುದು ಸರಿ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಅಂಥ ಅಪರೂಪದ ಪ್ರಕರಣವನ್ನು ತಡೆಯಲು ನ್ಯಾಯಾಲಯ ಸಾಕಾಗಿತ್ತು. ಅದಕ್ಕಾಗಿ ಎಲ್ಲರನ್ನೂ ಸಂದರ್ಶನಕ್ಕೆ ಕೂರಿಸುವ ಅಗತ್ಯವಿರಲಿಲ್ಲ.

ಸಮಾಲೋಚನೆಯನ್ನು ಬೇಲಿಯಿಂದ ಆಸರೆಯಾಗಿ ಬದಲಿಸಿದವರಲ್ಲಿ ದತ್ತು ಹೋದವರೇ ಮುಂದಿದ್ದರು. ಸ್ವತಃ ದತ್ತು ಮಗಳಾದ ಪ್ಯಾಮ್ ಹಾಡ್ಜ್‌ಕಿನ್ಸ್ 1982ರಲ್ಲಿ ನಾರ್‌ಕ್ಯಾಪ್ ಸಂಸ್ಥೆ ಕಟ್ಟಿದರು. ಹುಡುಕುವವರಿಗೂ ಹೆತ್ತವರಿಗೂ ನಡುವೆ ನಿಂತು ಮೊದಲ ಮಾತು ಆಡಿಸುವ ಮಧ್ಯವರ್ತಿ ಕೆಲಸವನ್ನು ಅದು ಮಾಡಿತು. 1986ರಲ್ಲಿ ಲಂಡನ್ನಿನಲ್ಲಿ ದತ್ತು ನಂತರದ ನೆರವಿಗೇ ಮೀಸಲಾದ ಕೇಂದ್ರ ತೆರೆಯಿತು. 1991ರಲ್ಲಿ ಸರ್ಕಾರ ಸಂಪರ್ಕ ನೋಂದಣಿ ಪುಸ್ತಕ ಇಟ್ಟಿತು. ಎರಡೂ ಕಡೆಯವರು ಹೆಸರು ಬರೆಸಿದ್ದರೆ ಕೊಂಡಿ ಬೆಸೆಯುತ್ತದೆ. 2002ರ ಕಾಯ್ದೆ ಹೆತ್ತವರಿಗೂ ಒಡಹುಟ್ಟಿದವರಿಗೂ ಮಧ್ಯವರ್ತಿ ಸೇವೆ ಕೇಳುವ ದಾರಿ ತೆರೆಯಿತು. 1949ರಿಂದ 1976ರವರೆಗೆ ಅವಿವಾಹಿತ ತಾಯಂದಿರಿಂದ ಸುಮಾರು 1,85,000 ಮಕ್ಕಳು ದತ್ತು ಹೋದರೆಂದು ಬ್ರಿಟಿಷ್ ಸಂಸತ್ತಿನ ಮಾನವ ಹಕ್ಕುಗಳ ಜಂಟಿ ಸಮಿತಿ 2022ರಲ್ಲಿ ಅಂದಾಜಿಸಿ, ಸರ್ಕಾರ ಕ್ಷಮೆ ಕೇಳಬೇಕೆಂದಿತು. 2023ರ ಮಾರ್ಚಿನಲ್ಲಿ ಸ್ಕಾಟ್‌ಲೆಂಡ್ ಸರ್ಕಾರ ಕ್ಷಮೆ ಕೇಳಿತು.

ಭಾರತದಿಂದ ಯೂರೋಪಿಗೆ ದತ್ತು ಹೋದವರೂ ಈಗ ಇಲ್ಲಿಗೆ ಮರಳಿ ಬೇರು ಹುಡುಕುತ್ತಾರೆ. ನಮ್ಮ 2022ರ ದತ್ತು ನಿಯಮಾವಳಿಯ ಪ್ರಕಾರ ಹದಿನೆಂಟು ತುಂಬಿದವರು ತಾವೇ ಮೂಲ ಶೋಧನೆಗೆ ಅರ್ಜಿ ಹಾಕಬಹುದು. ಮಗುವನ್ನು ಒಪ್ಪಿಸಿದ ತಾಯಿಯ ಗುಟ್ಟಿಗೂ ರಕ್ಷಣೆ ಇದೆ. ಇಂಗ್ಲೆಂಡ್ ಐವತ್ತು ವರ್ಷ ತಿಣುಕಿದ ಪ್ರಶ್ನೆಯೇ ಇದು. ಇಲ್ಲಿನ ದತ್ತು ಸಂಸ್ಥೆಗಳು ಹಳೆಯ ಕಡತಗಳನ್ನು ಗೆದ್ದಲಿಗೆ ಬಿಡದೆ ಜೋಪಾನ ಮಾಡಲಿ. ಕೇಳಿಕೊಂಡು ಬಂದವರನ್ನು ಅನುಮಾನದಿಂದ ನೋಡದೆ ಕೂರಿಸಿ ಮಾತಾಡಿಸಲಿ.

ಇಂಗ್ಲೆಂಡಿನಲ್ಲಿ ಆ ಹಳೆಯ ಷರತ್ತು ಇನ್ನೂ ಜಾರಿಯಲ್ಲಿದೆ. ಅದಕ್ಕೆ ಒಳಪಡುವವರಲ್ಲಿ ಎಲ್ಲರಿಗಿಂತ ಕಿರಿಯರಿಗೂ ಈಗ ಐವತ್ತರ ವಯಸ್ಸು. ಮೊಮ್ಮಕ್ಕಳನ್ನು ಕಂಡವರಿಗೆ ತಮ್ಮನ್ನು ಹೆತ್ತವಳ ಹೆಸರು ಹೇಳುವ ಮೊದಲು ಬುದ್ಧಿ ಹೇಳಬೇಕೆನ್ನುವ ಆ ಕಡ್ಡಾಯ ಕೊನೆಯಾಗಬೇಕು. ಬೇಕೆಂದವರಿಗೆ ಸಮಾಲೋಚನೆ ಸಿಗಲಿ, ಅದೂ ಎಷ್ಟು ಸಲ ಬೇಕೋ ಅಷ್ಟು ಸಲ.