ಗರ್ಭಿಣಿಗೆ ದೊರೆತ ವಿನಾಯಿತಿ

ಹಿಜರಿ ನಾಲ್ಕನೆಯ ಶತಮಾನದಲ್ಲಿ ಸ್ಪೇನಿನ ಕುರ್ತುಬಾದ ಅರೀಬ್ ಬಿನ್ ಸಅದ್ ಎಂಬ ವಿದ್ವಾಂಸರು ಭ್ರೂಣದ ಸೃಷ್ಟಿ ಹಾಗೂ ಗರ್ಭಿಣಿಯರ, ಶಿಶುಗಳ ಆರೈಕೆಯ ಕುರಿತೇ ಒಂದು ಗ್ರಂಥ ರಚಿಸಿದರು. ತಬರಿಯವರ ಇತಿಹಾಸವನ್ನು ಸಂಕ್ಷೇಪಿಸಿದವರೂ ಇವರೇ. ಬಸುರಿಯ ಆರೈಕೆಯನ್ನು ಹೆಂಗಸರ ಮನೆವಾರ್ತೆಯೆಂದು ಅವರು ಬದಿಗಿಡಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಆದರೆ ಮೊದಲೇ ಸಕ್ಕರೆ ಕಾಯಿಲೆಯಿದ್ದ ಗರ್ಭಿಣಿಗೆ ಆ ಕಾಲದ ವೈದ್ಯರಲ್ಲಿ ಮದ್ದಿರಲಿಲ್ಲ. 1922ರಲ್ಲಿ ಟೊರೊಂಟೊದಲ್ಲಿ ರೋಗಿಗೆ ಮೊದಲ ಬಾರಿ ಇನ್ಸುಲಿನ್ ನೀಡುವವರೆಗೂ ಅಂಥವರು ಗರ್ಭ ಧರಿಸುವುದೇ ವಿರಳವಾಗಿತ್ತು. ಧರಿಸಿದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯವಿತ್ತು. ಇಂದು ಅದೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವ ಸೊಸೆಗೆ, "ನಾವೂ ಬಸುರಿಯಾಗಿದ್ದಾಗ ಉಪವಾಸ ಹಿಡಿದಿದ್ದೆವು" ಎಂದು ರಮಝಾನಿನಲ್ಲಿ ಒತ್ತಾಯಿಸುವ ಮನೆಗಳಿವೆ.

ಅನಸ್ ಬಿನ್ ಮಾಲಿಕ್ ಅಲ್ ಕಅಬಿ(ರ) ವರದಿ ಮಾಡಿದ ಹದೀಸ್ ತಿರ್ಮಿದಿಯಲ್ಲಿದೆ. (ಪ್ರವಾದಿವರ್ಯರ ಸೇವಕರಾಗಿದ್ದ ಪ್ರಸಿದ್ಧ ಅನಸ್ ಇವರಲ್ಲ.) ಊಟಕ್ಕೆ ಕರೆದಾಗ ತಾನು ಉಪವಾಸಿಗನೆಂದ ಅವರಿಗೆ, ಪ್ರಯಾಣಿಕನಿಗೂ ಗರ್ಭಿಣಿಗೂ ಹಾಲುಣಿಸುವವಳಿಗೂ ಅಲ್ಲಾಹನು ಉಪವಾಸದಿಂದ ವಿನಾಯಿತಿ ನೀಡಿರುವನೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಬಿಟ್ಟ ಉಪವಾಸಗಳನ್ನು ಹನಫೀ ಮಝ್ಹಬ್‌ನಂತೆ ಅನಂತರ ಕಝಾ ಮಾಡಿದರೆ ಸಾಕು. ಶಾಫಿಈ ಮಝ್ಹಬ್‌ನಲ್ಲಿ, ಮಗುವಿನ ಬಗೆಗಿನ ಭಯದಿಂದ ಮಾತ್ರ ಬಿಟ್ಟಿದ್ದರೆ, ಕಝಾದ ಜೊತೆ ಫಿದ್‌ಯಾ ಕೂಡ ಇದೆ.