ನೆಲ ಬಿಡಲೊಪ್ಪದ ನೌರುವಿನ ನಾಯಕ

ಭೂಪಟದಲ್ಲಿ ಹುಡುಕಿದರೂ ಸುಲಭಕ್ಕೆ ಕಣ್ಣಿಗೆ ಬೀಳದ ದೇಶ ನೌರು. ಪೆಸಿಫಿಕ್ ಸಾಗರದ ನಡುವೆ ಇರುವ ಈ ದ್ವೀಪದ ವಿಸ್ತೀರ್ಣ ಕೇವಲ 21 ಚದರ ಕಿಲೋಮೀಟರ್. ಇಷ್ಟು ಪುಟ್ಟ ನೆಲಕ್ಕಾಗಿ ಮೂರು ದೇಶಗಳೆದುರು ಪಟ್ಟು ಹಿಡಿದು ಕುಳಿತವರು ಹ್ಯಾಮರ್ ಡಿರಾಬರ್ಟ್.

ನೌರುವಿನ ಮಣ್ಣಿನಲ್ಲಿದ್ದ ಫಾಸ್ಫೇಟ್ ಉತ್ತಮ ಗೊಬ್ಬರದ ಮೂಲ. ಮೊದಲ ಮಹಾಯುದ್ಧದ ನಂತರ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಒಟ್ಟಾಗಿ ಇಲ್ಲಿನ ಗಣಿಗಳನ್ನು ವಹಿಸಿಕೊಂಡವು. ಅಲ್ಲಿನ ಹೊಲಗಳು ಹಸಿರಾದವು. ದ್ವೀಪದವರ ಕೈಗೆ ಬಂದದ್ದು ಪುಡಿಗಾಸು.

1922ರಲ್ಲಿ ಹುಟ್ಟಿದ ಡಿರಾಬರ್ಟ್ ಶಾಲಾ ಶಿಕ್ಷಕರಾಗಿದ್ದರು. 1943ರಲ್ಲಿ ಜಪಾನಿ ಸೇನೆ 1,200 ಮಂದಿ ನೌರು ಜನರನ್ನು ದೂರದ ಟ್ರುಕ್ ದ್ವೀಪಗಳಿಗೆ ಸಾಗಿಸಿತು. ಅವರಲ್ಲಿ ಡಿರಾಬರ್ಟ್ ಕೂಡ ಒಬ್ಬರು. 1946ರ ಜನವರಿ 31ರಂದು ಜೀವಂತ ಮರಳಿದವರು 737 ಮಂದಿ ಮಾತ್ರ.

1956ರಲ್ಲಿ ಅವರು ದ್ವೀಪದ ಮುಖ್ಯ ನಾಯಕರಾದರು. ಗಣಿ ಮುಗಿದ ಮೇಲೆ ಜನರ ಗತಿಯೇನು ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾ, ತನ್ನ ಕರ್ಟಿಸ್ ದ್ವೀಪಕ್ಕೆ ಎಲ್ಲರನ್ನೂ ಸ್ಥಳಾಂತರಿಸುವ ಉತ್ತರ ನೀಡಿತು. ಆದರೆ ಅಲ್ಲಿ ಪ್ರತ್ಯೇಕ ರಾಷ್ಟ್ರವಾಗಿರಲು ಒಪ್ಪಲಿಲ್ಲ. 1964ರಲ್ಲಿ ನೌರು ಜನ ಆ ಕೊಡುಗೆಯನ್ನು ತಿರಸ್ಕರಿಸಿದರು. 1968ರಲ್ಲಿ ನೌರು ಸ್ವತಂತ್ರವಾಯಿತು. ಆರಿಸಿಕೊಂಡ ದಿನ ಅದೇ ಜನವರಿ 31. ಡಿರಾಬರ್ಟ್ ಮೊದಲ ಅಧ್ಯಕ್ಷರಾದರು. 2.1 ಕೋಟಿ ಆಸ್ಟ್ರೇಲಿಯನ್ ಡಾಲರ್ ತೆತ್ತು 1970ರ ಹೊತ್ತಿಗೆ ಗಣಿಗಳನ್ನೂ ದೇಶದ ವಶಕ್ಕೆ ತಂದರು.

ಹಣ ಹೊಳೆಯಂತೆ ಹರಿಯಿತು. ಆದಾಯ ತೆರಿಗೆ ಇರಲಿಲ್ಲ. ಸ್ವಂತ ವಿಮಾನ ಸಂಸ್ಥೆ ಬಂತು, ಮೆಲ್ಬರ್ನ್‌ನಲ್ಲಿ 52 ಅಂತಸ್ತಿನ ಕಟ್ಟಡ ಎದ್ದಿತು. ಆದರೆ ಅಗೆತ ನಿಲ್ಲಲಿಲ್ಲ. ಪರಕೀಯರು ಆರಂಭಿಸಿದ್ದನ್ನು ಸ್ವಕೀಯರೇ ಮುಂದುವರಿಸಿದರು. ದ್ವೀಪದ ಒಡಲಲ್ಲಿ ಉಳಿದದ್ದು ಬೇಸಾಯಕ್ಕೆ ಬಾರದ ಸುಣ್ಣಕಲ್ಲಿನ ಮೊನೆಗಳು.

1976ರಲ್ಲಿ ಅಧಿಕಾರ ಕಳೆದುಕೊಂಡ ಡಿರಾಬರ್ಟ್ 1978ರಲ್ಲಿ ಮರಳಿದರು. ಸ್ವಾತಂತ್ರ್ಯಕ್ಕೆ ಮುನ್ನ ಹಾಳಾದ ನೆಲಕ್ಕೆ ಪರಿಹಾರ ಕೋರಿ 1989ರ ಮೇನಲ್ಲಿ ಅವರ ಸರ್ಕಾರ ಆಸ್ಟ್ರೇಲಿಯಾವನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆಳೆಯಿತು. ಆಗಸ್ಟ್‌ನಲ್ಲಿ ಅವಿಶ್ವಾಸ ನಿರ್ಣಯದಿಂದ ಅವರು ಪದವಿ ಕಳೆದುಕೊಂಡರು. 1992ರ ಜೂನ್‌ನಲ್ಲಿ ನ್ಯಾಯಾಲಯ, ಮೊಕದ್ದಮೆ ತನ್ನ ವ್ಯಾಪ್ತಿಗೆ ಬರುತ್ತದೆ ಎಂದಿತು. ಜುಲೈನಲ್ಲಿ ಡಿರಾಬರ್ಟ್ ತೀರಿಕೊಂಡರು. ಮರುವರ್ಷ ಆಸ್ಟ್ರೇಲಿಯಾ 10.7 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು.

2004ರಲ್ಲಿ ಸಾಲದ ಹೊರೆಗೆ ಮೆಲ್ಬರ್ನ್ ಕಟ್ಟಡವೂ ಮಾರಾಟವಾಯಿತು. ಡಿರಾಬರ್ಟ್ ಜನರಿಗೆ ನೆಲದ ಒಡೆತನ ದೊರಕಿಸಿಕೊಟ್ಟರು. ಅದರ ಮಣ್ಣನ್ನು ಉಳಿಸಿಕೊಡಲಾಗಲಿಲ್ಲ. ಆದರೂ ನೌರು ಜನ ಇಂದಿಗೂ ಬದುಕುತ್ತಿರುವುದು ಆ ದ್ವೀಪದಲ್ಲೇ, ತಮ್ಮದೇ ಬಾವುಟದಡಿ.