ನಡೆವ ಮನೆಯ ಒಲೆ

ಸಂಸ್ಕೃತದಲ್ಲಿ ‘ಅನಿಲ’ವೆಂದರೆ ಗಾಳಿ, ‘ಅನಲ’ವೆಂದರೆ ಬೆಂಕಿ. ಎರಡಕ್ಕೂ ನಡುವಣ ಅಂತರ ಒಂದು ಗುಡಿಸು ಮಾತ್ರ. ತರಗತಿಯಲ್ಲಿ ಇದನ್ನು ಹೇಳಿದರೆ ಮಕ್ಕಳು ನಗುತ್ತಾರೆ. ಅಡಿಗೆಯ ಅನಿಲವನ್ನು ಓಡುವ ಗಾಡಿಯಲ್ಲಿ ಹೊತ್ತು ತಿರುಗುವವರಿಗೆ ಇದು ನಗುವ ವಿಷಯವಲ್ಲ.

ದಾರಿಯಲ್ಲಿ ಅಡಿಗೆ ಮಾಡಿಕೊಳ್ಳುವುದು ನಮ್ಮ ಸೀಮೆಗೆ ಹೊಸತಲ್ಲ. ಲಂಬಾಣಿಗಳು ಎತ್ತುಗಳ ಮೇಲೆ ದವಸವನ್ನೂ ಉಪ್ಪನ್ನೂ ಹೇರಿಕೊಂಡು ದಕ್ಷಿಣಾಪಥವನ್ನೆಲ್ಲ ಸುತ್ತಿದವರು. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಕಾರ್ನ್‌ವಾಲಿಸನ ಸೇನೆಗೆ ಧಾನ್ಯ ಒದಗಿಸಿದವರೂ ಅವರೇ. ಸಿರಿಗೇರಿಯ ಕಡೆಯಿಂದ ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಬಂಡಿ ಕಟ್ಟಿದವರು ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಒಲೆ ಹೊತ್ತಿಸುತ್ತಿದ್ದರು. ಬಂಡಿ ಒಂದು ಕಡೆ, ಒಲೆ ಒಂದು ಕಡೆ. ಹುಲ್ಲು ಹಾಸಿದ ಬಂಡಿಯೊಳಗೆ ಬೆಂಕಿ ಕೂಡದೆಂದು ಯಾರಿಗೂ ಕಲಿಸಬೇಕಾಗಿರಲಿಲ್ಲ.

ಇಂಧನವಾಗಿ ಪ್ರೊಪೇನಿನ ಚರಿತ್ರೆಯೂ ಗಾಡಿಯಿಂದಲೇ ಆರಂಭವಾಗುವುದೊಂದು ಸೋಜಿಗ. ಕಾರಿಗೆ ತುಂಬಿಸಿದ ಪೆಟ್ರೋಲು ಮನೆ ಸೇರುವುದರೊಳಗೆ ಆವಿಯಾಗುತ್ತಿದೆಯೆಂದು ಅಮೆರಿಕದಲ್ಲಿ ಒಬ್ಬನು ದೂರಿತ್ತನಂತೆ. 1910ರಲ್ಲಿ ಅದನ್ನು ಪರೀಕ್ಷಿಸಹೊರಟ ವಾಲ್ಟರ್ ಸ್ನೆಲಿಂಗ್ ಎಂಬ ರಸಾಯನಜ್ಞನು ಆ ಆವಿಯಲ್ಲಿ ಪ್ರೊಪೇನನ್ನೂ ಬ್ಯೂಟೇನನ್ನೂ ಗುರುತಿಸಿದನು. ಒತ್ತಿದರೆ ಇವು ನೀರಿನಂತಾಗುತ್ತವೆ. ಬಿಟ್ಟರೆ ಸುಮಾರು 250 ಪಟ್ಟು ಹಿಗ್ಗುತ್ತವೆ. ಸ್ವತಃ ವಾಸನೆಯಿಲ್ಲ. ಮುಂದೆ 1937ರಲ್ಲಿ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ, ವಾಸನೆಯಿಲ್ಲದ ನೈಸರ್ಗಿಕ ಅನಿಲವು ಸೋರಿ ಸಿಡಿದು ಸುಮಾರು 300 ಜನ, ಬಹುಮಟ್ಟಿಗೆ ಮಕ್ಕಳು, ಮಡಿದರು. ಅನಿಲಕ್ಕೆ ದುರ್ಗಂಧ ಬೆರೆಸುವ ಕಟ್ಟಳೆ ಬಲಗೊಂಡದ್ದು ಆ ಬಳಿಕ. ನಮ್ಮ ಅಡಿಗೆಮನೆಯಲ್ಲಿ ಮೂಗು ಮುಚ್ಚಿಸುವ ಆ ನಾತ ಅಲ್ಲಿನ ಮಕ್ಕಳ ಋಣವೆಂದೇ ನಾನು ಭಾವಿಸಿದ್ದೇನೆ.

ನಮ್ಮ ದೇಶದಲ್ಲಿ 1955ರ ಸುಮಾರಿಗೆ ಮುಂಬಯಿಯಲ್ಲಿ ಬರ್ಮಾ ಷೆಲ್ ಕಂಪನಿಯೂ, 1965ರಲ್ಲಿ ಕಲ್ಕತ್ತೆಯಲ್ಲಿ ಇಂಡೇನ್ ಹೆಸರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯೂ ಅಡಿಗೆ ಅನಿಲವನ್ನು ಮನೆಗಳಿಗೆ ತಂದವು. ಮಲಗಲೂ ಅಟ್ಟುಣ್ಣಲೂ ಅನುಕೂಲವಿರುವ ಮನೆಗಾಡಿಗಳು ದಕ್ಷಿಣದ ರಸ್ತೆಗಳಿಗೆ ಬಂದದ್ದು ಇತ್ತೀಚೆಗೆ. ಕೇರಳ ಸರ್ಕಾರ 2021ರಲ್ಲಿ ಇದಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು.

ಮನೆಯ ಒಲೆ ಕುಳಿತಲ್ಲೇ ಕುಳಿತಿರುತ್ತದೆ. ಗಾಡಿಯ ಒಲೆಯೋ ಪ್ರತಿಯೊಂದು ಕುಣಿಗೂ ಕುಲುಕುತ್ತದೆ. ಉದ್ದನೆಯ ರಬ್ಬರು ನಳಿಕೆ ತಗಡಿನ ಅಂಚಿಗೆ ಉಜ್ಜಿ, ಬಿಸಿಲಿಗೆ ಬಿರಿದು ಸೋರತೊಡಗುತ್ತದೆ. ಆದುದರಿಂದಲೇ ಬಲ್ಲವರು ಗಾಡಿಯ ಉದ್ದಕ್ಕೆ ತಾಮ್ರದ ಅಥವಾ ಉಕ್ಕಿನ ಕೊಳವೆ ಹಾಯಿಸಿ, ಅಲ್ಲಲ್ಲಿ ಹಿಡಿಕೆಗಳಿಂದ ಬಿಗಿದು, ಸಿಲಿಂಡರಿನ ಬಳಿ ಮಾತ್ರ ಮೋಟು ನಳಿಕೆ ಇಡುತ್ತಾರೆ. ತಾಮ್ರ ಬಾಗುತ್ತದೆ, ಆದರೆ ಕೀಲುಗಳು ಅಲುಗಾಟಕ್ಕೆ ಸಡಿಲಬಲ್ಲವು. ಸಾಬೂನಿನ ನೀರು ಸವರಿ ಗುಳ್ಳೆ ನೋಡುವುದು ತಪ್ಪದು. ಪ್ರೊಪೇನು ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನು ಎರಡು ಪಟ್ಟು ಭಾರ. ಸೋರಿದ್ದು ನೆಲಕ್ಕಿಳಿದು ನಿಲ್ಲುವುದರಿಂದ ಮೇಲಿನ ಕಿಟಕಿಯೊಂದೇ ಸಾಲದು. ಸಿಲಿಂಡರಿನ ಗೂಡು ಒಳಗಡೆಗೆ ಭದ್ರವಾಗಿ ಮುಚ್ಚಿ, ತಳದಲ್ಲಿ ಹೊರಕ್ಕೆ ಕಿಂಡಿ ಇರಬೇಕು.

26 ಆಗಸ್ಟ್ 2023ರ ಬೆಳಗಿನ ಜಾವ, ಮಧುರೆಯ ನಿಲ್ದಾಣದ ಬಳಿ ನಿಂತಿದ್ದ ರೈಲುಡಬ್ಬಿಯೊಂದಕ್ಕೆ ಬೆಂಕಿ ಬಿದ್ದು 9 ಜನ ತೀರಿಕೊಂಡರು. ಲಖನೌದಿಂದ ಹೊರಟ ಯಾತ್ರಿಕರ ಡಬ್ಬಿ ಅದು. ಕದ್ದು ತಂದ ಸಿಲಿಂಡರಿನಿಂದ ಒಲೆ ಹಚ್ಚಿದ್ದರು. ರೈಲಿನಲ್ಲಿ ಅಪಾಯಕರ ವಸ್ತು ಒಯ್ದರೆ 3 ವರ್ಷದವರೆಗೆ ಸೆರೆಯೆಂದು 1989ರ ರೈಲ್ವೆ ಕಾಯಿದೆ ಹೇಳುತ್ತಲೇ ಇತ್ತು.

ಒಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ನಮ್ಮ ಬಸ್ಸಿನಲ್ಲಿಯೂ ಇಂಥದೇ ನಾತ ಬಂದಿತು. ಅಡಿಗೆಯವನು ಸಿಲಿಂಡರನ್ನು ಹಿಂದಿನ ಸೀಟಿನಡಿ ಅಡ್ಡ ಮಲಗಿಸಿದ್ದನು. ಹಾಗೆ ಮಲಗಿಸಿದರೆ ಆವಿಯ ಬದಲು ದ್ರವವೇ ಬಾಯಿಗೆ ಬರುತ್ತದೆಂಬುದು ಅವನಿಗೂ ತಿಳಿಯದು, ಆಗ ನನಗೂ ತಿಳಿಯದು. ಬಸ್ಸು ನಿಲ್ಲಿಸಿ, ಮಕ್ಕಳನ್ನು ಇಳಿಸಿ, ಸಿಲಿಂಡರನ್ನು ದೂರದ ಬಯಲಿನಲ್ಲಿಟ್ಟೆವು. ಬೇವಿನ ಮರದಡಿ ಮೂರು ಕಲ್ಲು ಹೂಡಿದೆವು. ಅನ್ನ ಹೊಗೆ ನಾರುತ್ತಿತ್ತು. ಹುಡುಗರು ಎರಡೆರಡು ಸಲ ಬಡಿಸಿಕೊಂಡರು.